ಒಂಬತ್ತನೇ ಹಾಸಿಗೆಯ ಕಿಟಕಿ

ನಾಗಲಿಂಗಪ್ಪನವರನ್ನು ಅವರ ಕೆಲಸದ ಬಗ್ಗೆ ಕೇಳಿದಿರೋ, ಕೆಟ್ಟಿರಿ. ಕೈಯಲ್ಲಿದ್ದ ಚಹಾ ತಣ್ಣಗಾಗಿ ಕೆನೆಗಟ್ಟುವವರೆಗೆ ಬಿಡುತ್ತಿರಲಿಲ್ಲ ಆ ಪುಣ್ಯಾತ್ಮ. ಹುಟ್ಟಿದ್ದು ಗದಗ, ನಕ್ಷೆ ಬಿಡಿಸಲು ಕಲಿತದ್ದು ಹುಬ್ಬಳ್ಳಿ, ಕೈ ಪಳಗಿದ್ದು ಮಸ್ಕತ್ತಿನಲ್ಲಿ. ತೊಂಬತ್ತೇಳರಲ್ಲಿ ಲಂಡನ್ನಿಗೆ ಬಂದವರು ಸಟನ್ನಿನಲ್ಲಿ ಮನೆ ಮಾಡಿ ಅಲ್ಲಿಯೇ ಉಳಿದರು. ಅವರಿದ್ದ ಸಣ್ಣ ಕಂಪನಿ ಆಸ್ಪತ್ರೆಗಳಿಗೆ ನಕ್ಷೆ ಮಾಡಿಕೊಡುತ್ತಿತ್ತು. ಯಾವ ವಾರ್ಡಿನ ಯಾವ ಬಾಗಿಲು ಎತ್ತ ತೆರೆಯಬೇಕು, ಯಾವ ಗೋಡೆಯೊಳಗೆ ಯಾವ ಪೈಪು ಹಾಯಬೇಕು ಎಂಬುದನ್ನೆಲ್ಲ ಅವರು ಇಪ್ಪತ್ತೈದು ವರ್ಷ ಗೆರೆಯಲ್ಲಿ ಹೇಳುತ್ತ ಬಂದರು.

ಈ ಕಸುಬಿನಲ್ಲಿ ಒಂದು ಪದ್ಧತಿಯಿದೆ. ನಕ್ಷೆ ಬಿಡಿಸುವಾಗ ಎಲ್ಲಾದರೂ ಅನುಮಾನ ಬಂದರೆ ಆ ಜಾಗದ ಸುತ್ತ ಮೋಡದ ಹಾಗೆ ಡೊಂಕುಡೊಂಕು ಗೆರೆ ಎಳೆಯಬೇಕು, ಪಕ್ಕದಲ್ಲಿ ಪ್ರಶ್ನೆ ಬರೆಯಬೇಕು, ಹಾಳೆಯನ್ನು ಇಂಜಿನಿಯರಿಗೆ ಹಿಂದಕ್ಕೆ ಕಳಿಸಬೇಕು. ಉತ್ತರ ಬರುವ ತನಕ ಕೆಲಸ ನಿಂತ ಹಾಗೆ. ಇದಕ್ಕೆ ಆ ಕಸುಬಿನವರು ಮೋಡ ಎಳೆಯುವುದು ಎನ್ನುತ್ತಾರೆ. ನಾಗಲಿಂಗಪ್ಪನವರ ಹೆಚ್ಚುಗಾರಿಕೆಯೆಲ್ಲ ಇದ್ದದ್ದು ಇಲ್ಲಿಯೇ. ಇಪ್ಪತ್ತೈದು ವರ್ಷದಲ್ಲಿ ಅವರು ಒಂದೇ ಒಂದು ಮೋಡ ಎಳೆದವರಲ್ಲ. "ಹೇಳಿದ್ದು ಮಾಡಬೇಕ್ರಿ. ಪ್ರಶ್ನಾ ಕೇಳ್ಕೋತ ಕೂತ್ರ ದವಾಖಾನಿ ಕಟ್ಟೂದು ಯಾವಾಗ?" ಎಂದು ಹೊಸ ಹುಡುಗರ ಕಾಲೆಳೆಯುತ್ತಿದ್ದರು. ಹೆಂಡತಿ ನೀಲಗಂಗಾ ಮಾತ್ರ, "ಮನ್ಯಾಗೂ ಹಂಗ. ಉಪ್ಪ ಕಡಿಮಿ ಆದ್ರೂ ಕೇಳಂಗಿಲ್ಲ, ಸುಮ್ನ ಉಣತಾರ" ಎಂದು ನಗುತ್ತಿದ್ದಳು.

ಈಗ ಅವರಿಗೆ ಅರವತ್ತೇಳು. ನಿವೃತ್ತರು. ಆದರೆ ನಾಲ್ಕು ವರ್ಷದಿಂದ ಯಾರೂ ಅವರ ಬಾಯಲ್ಲಿ ಈ ಹೆಚ್ಚುಗಾರಿಕೆ ಕೇಳಿದವರಿಲ್ಲ. ಯಾಕೆಂದು ಗೊತ್ತಿದ್ದದ್ದು ನೀಲಗಂಗಾಗೆ ಮಾತ್ರ.

ಕತೆ ೨೦೨೦ರ ಏಪ್ರಿಲ್ ತಿಂಗಳದು. ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿದ್ದ ಕಾಲ. ನೀಲಗಂಗಾ ಅಕ್ಕಿ ಚೀಲ, ಚುರಮುರಿ ಡಬ್ಬಿ ಇಡುತ್ತಿದ್ದ ಸಣ್ಣ ಕೋಣೆಯೇ ನಾಗಲಿಂಗಪ್ಪನವರ ಆಫೀಸು. ಹತ್ತಿರದ ಒಂದು ಆಸ್ಪತ್ರೆಯಿಂದ ತುರ್ತು ಕೆಲಸ ಬಂತು. ಹೆಸರು ಬೇಡ ಬಿಡಿ. ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ ಹನ್ನೊಂದು ಒಂಟಿ ಕೋಣೆಗಳು. ಕೋವಿಡ್ ರೋಗಿಗಳನ್ನು ಅಲ್ಲಿ ಇಡಬೇಕು, ಕೋಣೆಯ ಗಾಳಿ ಓಣಿಗೆ ಬರಬಾರದು. ಪ್ರತಿ ಕೋಣೆಯ ಕಿಟಕಿಗೆ ಒಳಗಡೆಯಿಂದ ಹಲಗೆ ಬಡಿದು, ಮೇಲ್ತುದಿಯಲ್ಲಿ ತೂತು ಕೊರೆದು, ಗಾಳಿ ಹೊರದಬ್ಬುವ ಫ್ಯಾನು ಕೂರಿಸಬೇಕು. ಒಂದು ಕಡೆಯ ಬಾಗಿಲಿನಿಂದ ರೋಗಿ ಒಳಗೆ, ಇನ್ನೊಂದು ಕಡೆಯಿಂದ ಕೈಕಾಲು ತೊಳೆದ ನರ್ಸು ಹೊರಗೆ. ಮೈಲಿಗೆಯ ಕಡೆಗೆ ಕೆಂಪು ಬಣ್ಣ, ಶುದ್ಧದ ಕಡೆಗೆ ಹಸಿರು. ನೋಡಲು ಬರುವವರಿಗೆ ಯಾವ ಬಣ್ಣವೂ ಇಲ್ಲ, ಅವರು ಬರುವ ಹಾಗೆಯೇ ಇರಲಿಲ್ಲ.

ಹತ್ತು ಕೋಣೆಗಳಿಗೆ ಒಂದೊಂದೇ ಕಿಟಕಿ, ಯೋಚಿಸುವ ಪ್ರಮೇಯವೇ ಇಲ್ಲ. ಒಂಬತ್ತನೆಯದು ಮೂಲೆ ಕೋಣೆ. ಅದಕ್ಕೆ ಎರಡು. ದೊಡ್ಡದು ತೋಟದ ಕಡೆಗೆ, ಹಾಸಿಗೆಯ ನೇರಕ್ಕೆ. ಸಣ್ಣದು ಹಿಂಬದಿಯಲ್ಲಿ, ತಲೆಗಿಂತ ಎತ್ತರದಲ್ಲಿ, ಮಸುಕು ಗಾಜಿನದು, ಕೆಳಗೆ ಕಸದ ಡಬ್ಬಿಗಳು. ಇಂಜಿನಿಯರ್ ಹುಡುಗಿ ಬರೆದದ್ದು ಕಿಟಕಿ ಮುಚ್ಚಿರಿ ಎಂದಷ್ಟೇ. ಯಾವುದು ಎಂದು ಬರೆದಿರಲಿಲ್ಲ. ಹಿಂದಿನದನ್ನು ಮುಚ್ಚಿದರೆ ಫ್ಯಾನಿನ ಕೊಳವೆ ನಾಲ್ಕು ಮೀಟರು ಉದ್ದವಾಗುತ್ತಿತ್ತು. ಮಲಗಿದವರಿಗೆ ತೋಟ ಕಂಡರೆ ಒಳ್ಳೆಯದಲ್ಲವೇ ಎಂದು ನಾಗಲಿಂಗಪ್ಪನವರಿಗೆ ಅನಿಸಿತು. ಅನಿಸಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಮೋಡ ಎಳೆಯಲು ಕೈ ಎತ್ತಿದರು ಕೂಡ. ಆಗ ಮಧ್ಯಾಹ್ನ ನಾಲ್ಕು ಗಂಟೆ. ಕೇಳಿದರೆ ಉತ್ತರ ಬರುವುದು ನಾಳೆ, ಇಡೀ ಹಾಳೆ ನಿಲ್ಲುತ್ತದೆ. ಎತ್ತಿದ ಕೈಯನ್ನು ಇಳಿಸಿ ತೋಟದ ಕಿಟಕಿಯನ್ನೇ ಮುಚ್ಚಿದರು. ಹಲಗೆಗೆ ಎಂಟು ಸ್ಕ್ರೂಗಳನ್ನು ಅಚ್ಚುಕಟ್ಟಾಗಿ ಗುರುತಿಸಿ, ಹಾಳೆ ಕಳಿಸಿ, ಚುರಮುರಿ ತಿಂದರು.

ಆ ಕೋಣೆಗೆ ಯಾರು ಬಂದರು ಎಂದು ಗೊತ್ತಾಗಲು ಒಂದೂವರೆ ವರ್ಷ ಹಿಡಿಯಿತು.

ಸ್ಟ್ಯಾನಿಸ್ಲಾಸ್ ಶಿರ್ವದ ಕಡೆಯವರು, ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಶಾಲೆ. ನಾಗಲಿಂಗಪ್ಪನವರ ಮನೆಯಿಂದ ಎರಡು ಬೀದಿ ಆಚೆ ಮನೆ. ಅದೇ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಪೋರ್ಟರ್ ಆಗಿ ರೋಗಿಗಳ ಗಾಡಿ ತಳ್ಳಿ ನಿವೃತ್ತರಾದವರು. ಹೆಂಡತಿ ಡೊರೊತಿ ಕೋವಿಡ್‌ನಲ್ಲಿ ತೀರಿಕೊಂಡಿದ್ದು ನಾಗಲಿಂಗಪ್ಪನವರಿಗೆ ಗೊತ್ತಿತ್ತು, ಮಣ್ಣು ಮಾಡಿದ್ದನ್ನು ಫೋನಿನ ಪರದೆಯಲ್ಲಿಯೇ ನೋಡಿದ್ದರು. ಯಾವ ಕೋಣೆ ಎಂದು ಯಾರು ಕೇಳುತ್ತಾರೆ? ೨೦೨೧ರ ದೀಪಾವಳಿಗೆ ಕನ್ನಡದವರೆಲ್ಲ ಚರ್ಚಿನ ಹಾಲಿನಲ್ಲಿ ಮತ್ತೆ ಸೇರಿದಾಗ ಸ್ಟ್ಯಾನಿಸ್ಲಾಸ್ ತಾವಾಗಿಯೇ ಹೇಳತೊಡಗಿದರು.

"ಒಂಬತ್ತನೇ ಬೆಡ್ಡು. ಫಸ್ಟ್ ಫ್ಲೋರು, ಮೂಲೆಯದ್ದು. ಆ ಕಿಟಕಿ ನಂಗೆ ಗೊತ್ತಿಲ್ವಾ ಮಾರಾಯ್ರೆ, ಇಪ್ಪತ್ತು ವರ್ಷ ಗಾಡಿ ತಳ್ಳಿದವ ನಾನು! ಒಳಗೆ ಬಿಡುದಿಲ್ಲ ಅಂದ್ರು. ಸರಿ, ಬಿಡ್ಬೇಡಿ. ತೋಟದಲ್ಲಿ ಬೆಂಚು ಉಂಟಲ್ಲ, ಅಲ್ಲಿ ನಿಂತೆ. ಡೊರೊತಿಯದ್ದೇ ಕೆಂಪು ಕೊಡೆ, ಅವಳಿಗೆ ದೂರದಿಂದ ಗುರ್ತ ಸಿಗ್ಲಿ ಅಂತ. ಹನ್ನೆರಡು ದಿನ. ದಿನಾ ಹನ್ನೊಂದಕ್ಕೆ ಹೋಗುದು, ಒಂದು ಗಂಟೆವರೆಗೆ ಕೊಡೆ ಆಡಿಸುದು. ಜನ ನೋಡಿ ಇವನಿಗೆ ಮರ್ಲು ಅಂದಿರ್ಬೇಕು. ಕಡೆಯ ದಿನ ನರ್ಸು ಅವಳ ಕಿವಿಗೆ ಫೋನು ಹಿಡಿದ್ಳು. ಆಮೇಲೆ ನರ್ಸೇ ಹೇಳಿದ್ಳು, ನಿಮ್ಮನ್ನು ನೋಡಿದ್ದಾರೆ, ನಗ್ತಾ ಇದ್ದಾರೆ ಅಂತ. ಅಷ್ಟು ಸಾಕು ನಂಗೆ. ಎಷ್ಟು ಜನಕ್ಕೆ ಅಷ್ಟೂ ಸಿಕ್ಕಲಿಲ್ಲ."

ನಾಗಲಿಂಗಪ್ಪನವರಿಗೆ ಆ ಕೋಣೆಯ ಗುರುತು ತಕ್ಷಣ ಸಿಕ್ಕಿತು. ಹೊರಗಿನಿಂದ ಅದು ಕಿಟಕಿಯ ಹಾಗೆಯೇ ಕಾಣುತ್ತದೆ, ಗಾಜಿನಲ್ಲಿ ಆಕಾಶ ಮೂಡಿರುತ್ತದೆ, ಹಿಂದಿರುವ ಹಲಗೆ ತೋಟದಲ್ಲಿ ನಿಂತವರಿಗೆ ಕಾಣುವುದಿಲ್ಲ. ಆ ನರ್ಸಮ್ಮ ಒಳ್ಳೆಯ ಮನಸ್ಸಿನಿಂದ ಸುಳ್ಳು ಹೇಳಿದ್ದಳು. ಹನ್ನೆರಡು ದಿನ ಈ ಮನುಷ್ಯ ಕೊಡೆ ಆಡಿಸಿದ್ದು ತಾವು ಹಾಕಿಸಿದ ಹಲಗೆಗೆ. ಹೋಳಿಗೆ ತಟ್ಟೆಯನ್ನು ಹಾಗೆಯೇ ಇಟ್ಟು, ತಲೆನೋವು ಎಂದು ಹೇಳಿ ಮನೆಗೆ ಬಂದರು.

ಹೇಳಬೇಕೋ ಬೇಡವೋ? ನಾಲ್ಕು ವರ್ಷ ಅವರನ್ನು ಕೊರೆದದ್ದು ಇದೊಂದೇ. ನೀಲಗಂಗಾ ಖಡಾಖಂಡಿತವಾಗಿ ಹೇಳಿದಳು, "ಹೇಳಿ ನೀವು ಹಗರ ಆಗ್ತೀರಿ, ಖರೆ. ಆ ಮುದುಕಪ್ಪ? ನಿಮ್ಮ ಭಾರ ತಗದು ಅವ್ರ ತಲಿಮ್ಯಾಲ ಇಡಾಕ ಹೊಂಟೀರೇನು? ಅವ್ರಿಗೆ ಉಳದಿದ್ದು ಅದೊಂದ ನಗು. ಇರ್ಲಿ ಬಿಡ್ರಿ." ಆ ಮಾತು ಸರಿಯೆನಿಸಿತು. ಅದಕ್ಕಿಂತ ಹೆಚ್ಚಾಗಿ ಅನುಕೂಲವೂ ಆಯಿತು. ಹಬ್ಬ ಹಬ್ಬಕ್ಕೂ ಸ್ಟ್ಯಾನಿಸ್ಲಾಸ್ ಅದನ್ನೇ ಹೇಳುವರು, ನಾಗಲಿಂಗಪ್ಪ ತಲೆ ತಗ್ಗಿಸಿ ಕೇಳುವರು. ಅವರ ಕತೆಯಲ್ಲಿ ಒಂದು ವರ್ಷ ಡೊರೊತಿ ನಕ್ಕಳು, ಮರುವರ್ಷ ಕೈ ಎತ್ತಿದಳು. ಫೋನಿನಲ್ಲಿ ಅವಳು ಏನೆಂದಳು ಎಂಬುದನ್ನು ಮಾತ್ರ ಸ್ಟ್ಯಾನಿಸ್ಲಾಸ್ ಯಾವತ್ತೂ ಯಾರಿಗೂ ಹೇಳಲಿಲ್ಲ.

ಹೀಗಿರುವಾಗ ಕಳೆದ ಚಳಿಗಾಲದಲ್ಲಿ, ಕನ್ನಡದವರಿಂದ ಅವರ ಹೆಸರು ಕೇಳಿಕೊಂಡು ಮಾನ್ಯಾ ಬಂದಳು. ಬೆಂಗಳೂರಿನ ಹುಡುಗಿ. ಗಂಡನ ಜೊತೆ ಲಂಡನ್ನಿನ ಇನ್ನೊಂದು ತುದಿಯ ಕೊಲಿಂಡೇಲಿನ ಹೊಸ ಫ್ಲ್ಯಾಟೊಂದರಲ್ಲಿ ಬಾಡಿಗೆಗಿದ್ದು, ಬ್ರಿಟಿಷರ ಕಾಲದ ಕ್ವಾರಂಟೈನ್ ಠಾಣೆಗಳ ಕಟ್ಟಡಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಯಾತ್ರೆಗೆ ಹೊರಟವರನ್ನು ಪ್ಲೇಗು, ಕಾಲರಾ ಎಂದು ಹಿಡಿದು ಕೂಡಿಹಾಕುತ್ತಿದ್ದ ಠಾಣೆಗಳು. ಒಬ್ಬರ ಖಾಸಗಿ ಸಂಗ್ರಹದಲ್ಲಿ ಅವಳಿಗೆ ಮೂರು ನಕ್ಷೆ ಸಿಕ್ಕಿದ್ದವು, ಮುಂಬಯಿ ಪ್ರಾಂತ್ಯದ ಯಾವುದೋ ರೈಲು ಜಂಕ್ಷನ್ನಿನ ಪಕ್ಕದ ಠಾಣೆಯವು. ನಮ್ಮ ಕಡೆಯಿಂದ ಆಷಾಢದಲ್ಲಿ ಪಂಢರಪುರಕ್ಕೆ ಹೊರಟವರನ್ನು ಅಲ್ಲಿ ಇಳಿಸಿ ಹತ್ತು ದಿನ ಇಡುತ್ತಿದ್ದರಂತೆ.

"ಅಂಕಲ್, ಮೂಲೇಲಿ ಪೆನ್ಸಿಲಲ್ಲಿ ಕನ್ನಡದಲ್ಲಿ ಏನೋ ಬರ್ದಿದಾರೆ, ನಂಗೆ ಓದಕ್ಕಾಗ್ತಿಲ್ಲ. ಮತ್ತೆ ಇದನ್ನ ಜನಕ್ಕೆ ಅರ್ಥ ಆಗೋ ಹಾಗೆ ದೊಡ್ಡದಾಗಿ ಬಿಡಿಸಿಕೊಡ್ತೀರಾ? ನಮ್ಮ ಲೈಬ್ರರಿಲಿ ಒಂದು ಸಣ್ಣ ಎಕ್ಸಿಬಿಷನ್ ಮಾಡ್ತಿದೀನಿ" ಎಂದಳು.

ಕೆಲಸವಿಲ್ಲದೆ ಕೈ ಜಡ್ಡುಗಟ್ಟಿತ್ತು. ನಾಗಲಿಂಗಪ್ಪ ಒಪ್ಪಿಕೊಂಡರು. ಊಟದ ಮೇಜಿನ ಮೇಲೆ ನಕ್ಷೆ ಹರಡಿ ಕನ್ನಡಕ ಏರಿಸಿ ಕೂತರೆ, ಮೊದಲಿಗೆ ಬಂದದ್ದು ಮೆಚ್ಚುಗೆ. ಎಂಥ ಕೈ! ರೈಲು ನಿಲ್ಲುವ ಕಟ್ಟೆಗೆ ಊರಿನ ಕಡೆ ದಾರಿಯೇ ಇಲ್ಲ, ಇಳಿದವರು ನೇರ ಅಂಗಳಕ್ಕೆ. ಅಂಗಳದಿಂದ ಸ್ನಾನದ ಮನೆಗೆ. ಅದಕ್ಕೆ ಎರಡು ಬಾಗಿಲು, ಉಟ್ಟ ಬಟ್ಟೆಯಲ್ಲಿ ಈ ಕಡೆಯಿಂದ ಒಳಗೆ, ಸರಕಾರದ ಪಂಚೆ ಸೀರೆಯಲ್ಲಿ ಆ ಕಡೆಯಿಂದ ಹೊರಗೆ. ನಡುಗೋಡೆಯಲ್ಲಿ ಹಬೆಯ ಪೆಟ್ಟಿಗೆ. ಬಿಚ್ಚಿದ ಬಟ್ಟೆ ಅದರಲ್ಲಿ ಬೇಯುತ್ತದೆ, ಅದರ ಎರಡು ಬಾಗಿಲು ಒಮ್ಮೆಲೇ ತೆರೆಯುವಂತಿಲ್ಲ. ಆಚೆಗೆ ಉದ್ದನೆಯ ಆರು ಚಪ್ಪರ, ಮೇಲೆ ತಗಡು, ಸುತ್ತ ತಟ್ಟಿ. ರೋಗ ಕಂಡರೆ ತಟ್ಟಿಗೆ ಬೆಂಕಿ ಹಚ್ಚಿ ಹೊಸದು ಕಟ್ಟಬಹುದು. ಎಲ್ಲವನ್ನೂ ಸುತ್ತುವರಿದು ಒಂದಾಳೆತ್ತರದ ತಗಡಿನ ಗೋಡೆ, ಬಾವಿಯೂ ಅದರ ಒಳಗೇ. ಮೈಲಿಗೆಯ ಕಡೆ ಕೆಂಪು ನೀರುಬಣ್ಣ, ಶುದ್ಧದ ಕಡೆ ಹಸಿರು.

ಕೆಂಪು, ಹಸಿರು ನೋಡುತ್ತಿದ್ದ ಹಾಗೆ ಮೆಚ್ಚುಗೆ ಇಳಿಯಿತು. ನೂರಿಪ್ಪತ್ತು ವರ್ಷದ ಹಿಂದಿನ ಈ ಹಾಳೆ ಬೇರೆಯಲ್ಲ, ಅಕ್ಕಿ ಚೀಲದ ಪಕ್ಕ ಕೂತು ತಾವು ಬಿಡಿಸಿದ್ದು ಬೇರೆಯಲ್ಲ.

ಪೆನ್ಸಿಲ್ ಬರಹ ಸಣ್ಣದು, ಹಳೆಯ ಕಾಲದ ಕೂಡಕ್ಷರ. ಭೂತಗನ್ನಡಿ ಹಿಡಿದು ಎರಡು ದಿನ ಗುದ್ದಾಡಿ ಬಿಡಿಸಿದರು. ಮೊದಲ ಹಾಳೆಯಲ್ಲಿ ರಸ್ತೆಯ ಬದಿಯ ಗೋಡೆಯ ಹತ್ತಿರ ಹೀಗಿತ್ತು: "ಹೊರಗೆ ಬಂದ ಮಂದಿಗೆ ಒಳಗಿನವರ ಮುಖ ಕಾಣಬೇಕು. ಇಲ್ಲಿ ಕಿಂಡಿ ಇರಲಿ." ಅದರ ಕೆಳಗೆ ಮೇಲಧಿಕಾರಿ ಬಿಳಿ ದೊರೆಯ ಕೆಂಪು ಶಾಯಿ, ಇಂಗ್ಲಿಷಿನಲ್ಲಿ: ಅಗತ್ಯವಿಲ್ಲ. ಬರೆದವನು ಯಾರೋ ನಮ್ಮ ಕಡೆಯ ಡ್ರಾಫ್ಟ್ಸ್‌ಮನ್, ಬಾಯಲ್ಲಿ ಹೇಳಿ ದೊರೆಗೆ ತಿಳಿಸಿದ್ದಿರಬೇಕು. ಎರಡನೆಯ ಹಾಳೆ, ಅದೇ ಜಾಗ, ಅದೇ ಕೈ: "ಮತ್ತೊಮ್ಮೆ ವಿನಂತಿ. ಕಿಂಡಿ ಇರಲಿ." ಮತ್ತೆ ಕೆಂಪು ಶಾಯಿ. ಮೂರನೆಯ ಹಾಳೆಯಲ್ಲಿ ಪೆನ್ಸಿಲ್ ಇಲ್ಲ. ಕಪ್ಪು ಶಾಯಿಯಲ್ಲಿಯೇ ಕಿಂಡಿ ಬಿಡಿಸಿದೆ, ಒಂದೂವರೆ ಅಡಿ ಅಗಲ, ಅಡ್ಡ ಸರಳು, ಬಿಸಿಲಿಗೊಂದು ಸಣ್ಣ ಮಾಡು. ಹೊರಬದಿಯಲ್ಲಿ, ಗಿಡ್ಡವರಿಗೂ ಮಕ್ಕಳಿಗೂ ಎಟಕಲೆಂದು, ಒಂದು ಕಲ್ಲಿನ ಮೆಟ್ಟಿಲು.

ಆ ಮೆಟ್ಟಿಲು ನೋಡಿ ನಾಗಲಿಂಗಪ್ಪ ಅತ್ತುಬಿಟ್ಟರು. ನೌಕರಿ ಹೋದರೆ ಹೋಗಲಿ ಎಂದು ಎರಡು ಸಲ ಕೇಳಿದನಲ್ಲ ಆ ಹೆಸರಿಲ್ಲದ ಮನುಷ್ಯ! ದೊರೆಯ ಎದುರು ಕೇಳಿದ. ತಮಗೆ ಯಾವ ದೊರೆಯಿದ್ದ? ಕೇಳಿದ್ದರೆ ಆ ಇಂಜಿನಿಯರ್ ಹುಡುಗಿ ಮರುದಿನವೇ ಹೂಂ ಎನ್ನುತ್ತಿದ್ದಳು. "ನಾ ಒಂದ ಮೋಡ ಎಳಿಬೇಕಿತ್ತ ನೀಲಾ, ಒಂದ" ಎಂದರು.

ಪ್ರದರ್ಶನದ ಕಡೆಯ ಮಧ್ಯಾಹ್ನ, ನಾಗಲಿಂಗಪ್ಪ ಅಲ್ಲಿದ್ದಾಗಲೇ, ಸ್ಟ್ಯಾನಿಸ್ಲಾಸ್ ಲೈಬ್ರರಿಗೆ ಬಂದರು. ಮಳೆಯಿಲ್ಲದಿದ್ದರೂ ಕೈಯಲ್ಲಿ ಕೆಂಪು ಕೊಡೆ, ಈಗ ಅದು ಅವರ ಊರುಗೋಲು. ಒಂದೊಂದೇ ಹಾಳೆಯನ್ನು ನಿಧಾನವಾಗಿ ಓದಿ ಕಿಂಡಿಯ ಎದುರು ನಿಂತುಬಿಟ್ಟರು.

"ಎಂತ ಒಳ್ಳೆ ಜನ ಮಾರಾಯ್ರೆ ಇವ! ಮೆಟ್ಟಿಲು ಸಹ ಇಟ್ಟಿದ್ದಾನೆ ನೋಡಿ" ಎಂದವರು ಪಕ್ಕದ ಕುರ್ಚಿಯಲ್ಲಿ ಕೂತು ದನಿ ತಗ್ಗಿಸಿದರು. "ನಾಗಲಿಂಗಪ್ಪನವ್ರೆ, ನಂಗೊಂದು ಉಪಕಾರ ಆಗ್ಬೇಕು. ಆಸ್ಪತ್ರೆಯ ಆ ಹಳೆ ಬ್ಲಾಕು ಒಡೀತಾರಂತೆ. ಹಳೆ ಪೋರ್ಟರ್ ಅಂತ ಶನಿವಾರ ಹತ್ತು ಗಂಟೆಗೆ ನನ್ನನ್ನು ಒಳಗೆ ಬಿಡ್ತಾರೆ, ಜೊತೆಗೆ ಒಬ್ರು ಬರ್ಬಹುದು. ನಿಮ್ಮ ಹೆಸರು ಕೊಟ್ಟಿದ್ದೇನೆ. ಒಂಬತ್ತನೇ ಬೆಡ್ಡಿನಿಂದ ಬೆಂಚು ಹೇಗೆ ಕಾಣ್ತದೆ ಅಂತ ಒಂದು ಫೋಟೋ ತೆಗೀಬೇಕು. ಮಗಳು ಜೂಲಿಗೆ ಕೊಡ್ಲಿಕ್ಕೆ. ನಿನ್ನ ಅಮ್ಮ ಕಡೆಗೆ ನೋಡಿದ್ದು ಇದನ್ನು ಅಂತ."

ಇನ್ನು ಸುಮ್ಮನಿರುವ ಹಾಗಿರಲಿಲ್ಲ. ಶನಿವಾರ ಆ ಕೋಣೆಯ ಬಾಗಿಲು ತೆರೆದರೆ ಎದುರಿಗೆ ಕಾಣುವುದು ಹಲಗೆ. ತಾತ್ಕಾಲಿಕ ಎಂದು ಬಡಿದದ್ದನ್ನು ಈ ದೇಶದಲ್ಲೂ ಯಾರೂ ಕೀಳುವುದಿಲ್ಲ. ಮಾನ್ಯಾ ಕೆಳಗೆ ಹೋಗಿದ್ದಳು, ಕೋಣೆಯಲ್ಲಿ ಇಬ್ಬರೇ.

"ಸ್ಟ್ಯಾನಿ ಅವ್ರ, ಅಲ್ಲಿಂದ ಏನೂ ಕಾಣಂಗಿಲ್ರಿ" ಎಂದರು ನಾಗಲಿಂಗಪ್ಪ. "ಆ ಕಿಡಕಿಗೆ ಒಳಗ ಹಲಗಿ ಹಾಕ್ಯಾರ. ಅವಾಗ ಹಾಕಿದ್ದು, ನಿಮ್ಮನಿಯವರು ಬರೂಕಿಂತ ಮೊದಲ. ನಕ್ಷಾ ಮಾಡಿದಾಂವ ನಾನ. ಹಿಂದಿನ ಕಿಡಕಿ ಮುಚ್ಚಬಹುದಿತ್ತು. ಕೇಳಬೇಕಿತ್ತು, ನಾ ಕೇಳಲಿಲ್ಲ. ಒಂದ ದಿನ ತಡಾ ಆಗತೈತಿ ಅಂತ ಕೇಳಲಿಲ್ಲ. ಯಾರಿದ್ರು ಅನ್ನೂದು ಗೊತ್ತಾದ ಮ್ಯಾಲೂ ನಾಕು ವರ್ಷ ಬಾಯಿ ಮುಚ್ಕೊಂಡ ಕೂತೇನಿ. ತಪ್ಪಾತ್ರಿ. ಭಾಳ ತಪ್ಪಾತು."

ಸ್ಟ್ಯಾನಿಸ್ಲಾಸ್ ಬೈಯುತ್ತಾರೆ ಎಂದುಕೊಂಡಿದ್ದರು. ಬೈದಿದ್ದರೆ ಚೆನ್ನಾಗಿತ್ತು. ಅವರು ಕೈಯಲ್ಲಿದ್ದ ಕೊಡೆಯನ್ನು ಕುರ್ಚಿಗೆ ಒರಗಿಸಿದರು.

"ಹಾಗಾದ್ರೆ ಅವಳಿಗೆ ತಲೆ ಸರಿ ಇತ್ತು" ಎಂದರು.

"ಅಂದ್ರ?"

"ಫೋನಿನಲ್ಲಿ. ನಾನು ಹೇಳಿದೆ, ಕಿಟಕಿಯಲ್ಲಿ ನೋಡು, ತೋಟದಲ್ಲಿ ಇದ್ದೇನೆ ಅಂತ. ಅವಳು, 'ಎಲ್ಲಿ ಸ್ಟ್ಯಾನಿ, ಇಲ್ಲಿ ಹಲಗೆ ಮಾತ್ರ ಉಂಟು' ಅಂದ್ಳು. ಜ್ವರ ತಲೆಗೆ ಏರಿದೆ ಅಂತ ಮಾಡಿದೆ ನಾನು. ಹನ್ನೆರಡು ದಿನ ನಿಂತು ನಿಂತು ಕಾಲು ಬಾತಿತ್ತು. ಗದರಿಸಿದೆ ಮಾರಾಯ್ರೆ! 'ಸರೀ ಕಣ್ಣು ಬಿಟ್ಟು ನೋಡು, ಇಷ್ಟು ದೊಡ್ಡ ಕೊಡೆ ಕಾಣುದಿಲ್ವಾ ನಿಂಗೆ?' ಅಂತ. ಆಮೇಲೆ ಅವಳು ಮಾತಾಡ್ಲಿಲ್ಲ. ನರ್ಸು ಫೋನು ತಗೊಂಡ್ಳು."

ನಾಗಲಿಂಗಪ್ಪ ಕೈ ಮುಂದೆ ಚಾಚಿದರು. ಸ್ಟ್ಯಾನಿಸ್ಲಾಸ್ ಅದನ್ನು ಹಿಡಿಯಲೂ ಇಲ್ಲ, ತಳ್ಳಲೂ ಇಲ್ಲ. ಎದ್ದು ಕೋಟಿನ ಗುಂಡಿ ಹಾಕಿಕೊಂಡು, ಮೆಟ್ಟಿಲ ಕಡೆ ಹೋದರು. ಕೊಡೆ ಕುರ್ಚಿಗೆ ಒರಗಿಕೊಂಡೇ ಉಳಿಯಿತು. ನಾಗಲಿಂಗಪ್ಪ ಅದನ್ನು ಎತ್ತಿಕೊಂಡು ಕೆಳಗೆ ಓಡುವಷ್ಟರಲ್ಲಿ ಬಸ್ಸು ಹೊರಟಿತ್ತು.

ಶನಿವಾರದವರೆಗೆ ಸ್ಟ್ಯಾನಿಸ್ಲಾಸ್ ಫೋನ್ ಎತ್ತಲಿಲ್ಲ. ನಾಗಲಿಂಗಪ್ಪ ಒಬ್ಬರೇ ಹೋದರು. ಗೇಟಿನ ಪಟ್ಟಿಯಲ್ಲಿ ಅವರ ಹೆಸರಿತ್ತು. ತಲೆಗೆ ಟೊಪ್ಪಿ ಹಾಕಿಸಿ ಒಬ್ಬ ಕೆಲಸಗಾರ ಮೊದಲ ಮಹಡಿಗೆ ಕರೆದೊಯ್ದ. ಒಂಬತ್ತನೇ ಕೋಣೆಯಲ್ಲಿ ಹಾಸಿಗೆ ಇರಲಿಲ್ಲ, ಅದರ ಚಕ್ರ ಉಜ್ಜಿದ ಗುರುತು ನೆಲದಲ್ಲಿತ್ತು. ಹಲಗೆ ಇತ್ತು. ಬಿಳಿ ಬಣ್ಣ, ಮೇಲ್ತುದಿಯಲ್ಲಿ ಫ್ಯಾನು, ನಕ್ಷೆಯಲ್ಲಿ ತೋರಿಸಿದ ಜಾಗದಲ್ಲಿಯೇ ಎಂಟು ಸ್ಕ್ರೂ.

"ಇದನ್ನ ತೆಗೀಬಹುದಾ?" ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. ಆ ಕೆಲಸಗಾರ ಯಾಕೆಂದೂ ಕೇಳಲಿಲ್ಲ. ಹೇಗಿದ್ದರೂ ಒಡೆಯುವುದೇ ಎಂದು ಹೇಳಿ ಸ್ಕ್ರೂ ಬಿಚ್ಚಿದ. ಐದು ನಿಮಿಷವೂ ಹಿಡಿಯಲಿಲ್ಲ.

ಬೆಳಕು ಒಳಗೆ ಬಂತು. ನಾಗಲಿಂಗಪ್ಪ ಹಾಸಿಗೆಯ ಗುರುತಿನ ಮೇಲೆ, ಮಲಗಿದವರ ತಲೆಯ ಎತ್ತರಕ್ಕೆ ಬರುವ ಹಾಗೆ ಮಂಡಿಯೂರಿ ನೋಡಿದರು. ಕೆಳಗಿನ ತೋಟ ಇಳಿಜಾರು, ಬೆಂಚು ಇದ್ದದ್ದು ಆಚೆಯ ಏರಿನಲ್ಲಿ, ಸರಿಯಾಗಿ ಕಣ್ಣಿನ ನೇರಕ್ಕೆ. ಬೆಂಚಿನ ಮೇಲೆ ಸ್ಟ್ಯಾನಿಸ್ಲಾಸ್ ಕೂತಿದ್ದರು. ಬಂದಿದ್ದರು, ಮೇಲಕ್ಕೆ ಬಂದಿರಲಿಲ್ಲ ಅಷ್ಟೆ. ಕೋಟಿನ ಗುಂಡಿ ಕಾಣುತ್ತಿತ್ತು. ಗಡ್ಡ ಹೆರೆಯದ ಕೆನ್ನೆ ಕಾಣುತ್ತಿತ್ತು. ಕೊಡೆ ಬೇಕೇ ಇರಲಿಲ್ಲ, ಅಲ್ಲಿಂದ ಮುಖವೇ ಕಾಣುತ್ತಿತ್ತು.

ನಾಗಲಿಂಗಪ್ಪ ಎದ್ದು ಗಾಜಿಗೆ ಹತ್ತಿರ ನಿಂತು ಕೈ ಎತ್ತಿದರು. ತುಂಬ ಹೊತ್ತು ಎತ್ತಿಕೊಂಡೇ ಇದ್ದರು. ಸ್ಟ್ಯಾನಿಸ್ಲಾಸ್ ಕಿಟಕಿಯ ಕಡೆ ನೋಡಲಿಲ್ಲ.